ಮೌನದ ಮನೆಯಲ್ಲಿ ಶಾಂತಿಯ ಪ್ರದರ್ಶನ

ಇಂಗ್ಲೆಂಡಿನ ಕೆಂಡಲ್ ಪಟ್ಟಣದಲ್ಲಿ 1816ರಲ್ಲಿ ಕಟ್ಟಿದ ಕ್ವೇಕರ್ ಸಭಾಮಂದಿರವೊಂದಿದೆ. ಆ ಪಂಥದ ಚರಿತ್ರೆಯನ್ನು ಹೇಳುವ 77 ಕಸೂತಿ ಪಟಗಳಿಗೆ ಪ್ರದರ್ಶನದ ಜಾಗ ಸಿಕ್ಕಿದ್ದು ಇಲ್ಲಿಯೇ. 1981ರಿಂದ 1996ರವರೆಗೆ 15 ದೇಶಗಳ ಸುಮಾರು 4,000 ಮಂದಿ, ಮಕ್ಕಳೂ ಸೇರಿ, ಇವುಗಳನ್ನು ಹೊಲಿದರು. ಸೆರೆಮನೆ ಸುಧಾರಣೆ, ಗುಲಾಮಗಿರಿಯ ವಿರೋಧ, ಯುದ್ಧಕ್ಕೆ ಹೋಗಲೊಪ್ಪದವರ ಕಥೆ ಎಲ್ಲವೂ ಅವುಗಳಲ್ಲಿವೆ. ಬೇರೆ ಊರುಗಳ ಕ್ವೇಕರರೂ ಆಗಾಗ ತಮ್ಮ ಮಂದಿರದ ಬಾಗಿಲು ತೆರೆದು ಶಾಂತಿಯ ಕುರಿತು ಪ್ರದರ್ಶನ ಏರ್ಪಡಿಸುವುದುಂಟು.

ಪ್ರಾರ್ಥನೆಯ ಮನೆಗೂ ಇಂಥ ಪ್ರದರ್ಶನಕ್ಕೂ ಏನು ಸಂಬಂಧ?

ಕ್ವೇಕರರ ಮಂದಿರವನ್ನು ಹೊಕ್ಕ ಕಥೊಲಿಕರಿಗೆ ಅಚ್ಚರಿಯಾಗುತ್ತದೆ. ಅಲ್ಲಿ ಪೀಠವಿಲ್ಲ, ಶಿಲುಬೆಯಿಲ್ಲ, ಬ್ರಿಟನ್ನಿನ ಕ್ವೇಕರರಲ್ಲಿ ಗುರುಗಳೂ ಇಲ್ಲ. ಬೆಂಚುಗಳ ಮೇಲೆ ಎಲ್ಲರೂ ಸುಮಾರು ಒಂದು ಗಂಟೆ ಮೌನವಾಗಿ ಕೂರುತ್ತಾರೆ. ದೇವರ ಪ್ರೇರಣೆಯಾಯಿತೆಂದು ಅನಿಸಿದವರು ಎದ್ದು ನಾಲ್ಕು ಮಾತು ಆಡುತ್ತಾರೆ. ಕೊನೆಗೆ ಪರಸ್ಪರ ಕೈಕುಲುಕಿ ಏಳುತ್ತಾರೆ.

17ನೇ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಈ ಪಂಥಕ್ಕೆ ನಾಂದಿ ಹಾಡಿದರು. ಪ್ರತಿಯೊಬ್ಬರಲ್ಲೂ ದೇವರ ಬೆಳಕು ಇದೆ ಎಂಬುದು ಅವರ ಬೋಧನೆ. ಹಾಗಿದ್ದಲ್ಲಿ ಶತ್ರುವಿನಲ್ಲೂ ಆ ಬೆಳಕು ಇರಲೇಬೇಕು; ಅವನನ್ನು ಕೊಲ್ಲುವುದು ಹೇಗೆ? ಆಯುಧ ಹಿಡಿಯುವುದಿಲ್ಲವೆಂದು ಅವರು 1661ರಲ್ಲಿ ದೊರೆ ಎರಡನೇ ಚಾರ್ಲ್ಸ್‌ಗೆ ಲಿಖಿತವಾಗಿ ತಿಳಿಸಿದರು.

ಈ ಮಾತಿಗೆ ಬೆಲೆ ತೆರಬೇಕಾದ ದಿನ ಬಂತು. 1916ರಲ್ಲಿ ಬ್ರಿಟನ್ ಕಡ್ಡಾಯ ಸೈನ್ಯಸೇವೆಯ ಕಾನೂನು ತಂದಿತು. ಅಂತಃಸಾಕ್ಷಿಯ ಕಾರಣಕ್ಕೆ ವಿನಾಯಿತಿ ಕೇಳಲು ಅದರಲ್ಲಿ ಅವಕಾಶವಿದ್ದರೂ ಬಹಳಷ್ಟು ಮಂದಿ ಸೆರೆಮನೆ ಸೇರಿದರು. ಫ್ರಾನ್ಸಿಗೆ ಒಯ್ಯಲಾದವರಲ್ಲಿ 35 ಮಂದಿಗೆ ಮರಣದಂಡನೆ ವಿಧಿಸಿ, ಬಳಿಕ ಅದನ್ನು 10 ವರ್ಷಗಳ ಕಠಿಣ ಸಜೆಗೆ ಇಳಿಸಲಾಯಿತು. ಅವರಲ್ಲಿ ಕ್ವೇಕರರೂ ಇದ್ದರು, ಇತರ ಕ್ರೈಸ್ತರೂ ಇದ್ದರು. ಇನ್ನು ಕೆಲವು ಕ್ವೇಕರ್ ಯುವಕರು 1914ರಲ್ಲಿ ಆಂಬುಲೆನ್ಸ್ ಪಡೆ ಕಟ್ಟಿಕೊಂಡು ರಣರಂಗದ ಗಾಯಾಳುಗಳನ್ನು ಹೊತ್ತು ತಂದರು. ಆದರೆ ಎಲ್ಲರ ನಿರ್ಧಾರವೂ ಒಂದೇ ಆಗಿರಲಿಲ್ಲ. ಸೇನಾ ವಯಸ್ಸಿನ ಬ್ರಿಟಿಷ್ ಕ್ವೇಕರರಲ್ಲಿ ಸುಮಾರು ಮೂರನೇ ಒಂದು ಭಾಗ ಸೈನ್ಯ ಸೇರಿತು. ಅಂತಃಸಾಕ್ಷಿಯ ದಾರಿ ಒಂದೇ ಮನೆಯೊಳಗೂ ಸುಲಭವಲ್ಲ ಎಂಬುದಕ್ಕೆ ಇದು ಸಾಕ್ಷಿ.

ಯುದ್ಧ ಮುಗಿದ ಮೇಲೆ ಕ್ವೇಕರರು ಸೋತ ಜರ್ಮನಿಯ ಹಸಿದ ಮಕ್ಕಳಿಗೂ ಊಟ ಹಾಕಿದರು. 1947ರ ನೊಬೆಲ್ ಶಾಂತಿ ಪುರಸ್ಕಾರ ಬ್ರಿಟನ್ ಹಾಗೂ ಅಮೆರಿಕದ ಎರಡು ಕ್ವೇಕರ್ ಸೇವಾ ಸಂಸ್ಥೆಗಳಿಗೆ ಸಂದಿತು. ಆ ವರ್ಷ ಪರಿಗಣನೆಯಲ್ಲಿದ್ದ ಹೆಸರುಗಳಲ್ಲಿ ನಮ್ಮ ಗಾಂಧೀಜಿಯವರದೂ ಒಂದು. ಮರುವರ್ಷ ಗಾಂಧೀಜಿಯವರ ಹೆಸರನ್ನು ಸೂಚಿಸಿದವರಲ್ಲಿ ಕ್ವೇಕರರೂ ಇದ್ದರು. ಅಷ್ಟರಲ್ಲಿ ಅವರ ಹತ್ಯೆಯಾಯಿತು. 1948ರಲ್ಲಿ ಆ ಪುರಸ್ಕಾರವನ್ನು ಯಾರಿಗೂ ಕೊಡಲಿಲ್ಲ.

ನಮ್ಮ ಧರ್ಮಸಭೆಯ ಬೋಧನೆ ಕ್ವೇಕರರದ್ದೇ ಅಲ್ಲ. ಬೇರಾವ ದಾರಿಯೂ ಉಳಿಯದಿದ್ದಾಗ ದೇಶವು ತನ್ನನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಅದು ಒಪ್ಪುತ್ತದೆ. ಆದರೂ 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು, ಅಂತಃಸಾಕ್ಷಿಯ ಕಾರಣ ಆಯುಧ ಹಿಡಿಯಲೊಪ್ಪದೆ ಬೇರೆ ರೀತಿಯಲ್ಲಿ ಸಮಾಜಕ್ಕೆ ಸೇವೆ ಸಲ್ಲಿಸುವವರನ್ನು ಕಾನೂನು ಮಾನವೀಯವಾಗಿ ಕಾಣಬೇಕೆಂದಿತು. ಹಿಟ್ಲರನ ಸೈನ್ಯದಲ್ಲಿ ಹೋರಾಡಲು ನಿರಾಕರಿಸಿ 1943ರಲ್ಲಿ ತಲೆಕೊಟ್ಟ ಆಸ್ಟ್ರಿಯಾದ ರೈತ ಫ್ರಾನ್ಜ್ ಯೇಗರ್‌ಸ್ಟೆಟರ್ ಅವರನ್ನು 2007ರಲ್ಲಿ ಪುನೀತರೆಂದು ಘೋಷಿಸಲಾಯಿತು.

ಪ್ರತಿ ಬಲಿಪೂಜೆಯಲ್ಲಿ ನಾವೂ ಪರಸ್ಪರ ಶಾಂತಿಯನ್ನು ಹಾರೈಸುತ್ತೇವೆ. ಪಕ್ಕದವರ ಕೈ ಹಿಡಿಯುವುದು ಸುಲಭ. ಮಾತು ಬಿಟ್ಟ ಅಣ್ಣತಮ್ಮಂದಿರ, ಬೇಲಿಯಾಚೆಯ ನೆರೆಯವರ, ಅನ್ಯಧರ್ಮದವರ ಕೈ ಹಿಡಿಯಲು ನಾವು ಸಿದ್ಧರಿದ್ದೇವೆಯೇ? ಮುಂದಿನ ಭಾನುವಾರ ಆ ಹಾರೈಕೆಯ ಹೊತ್ತಿಗೆ ಒಂದು ಕ್ಷಣ ಮೌನವಾಗಿ ಯೋಚಿಸೋಣ.