ಲಿನಕ್ಸ್ ಗಣಕಯಂತ್ರದಲ್ಲಿ ವೆಬ್‌ಕ್ಯಾಮೆರಾ: ದೃಶ್ಯ ಸಂವಾದದ ಮೂಲಕ ವಿಚಾರಣೆಗೆ ಹಾಜರಾಗುವವರಿಗೆ ಮಾಹಿತಿ

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಕಕ್ಷಿದಾರರು ನ್ಯಾಯಾಲಯದ ಅನುಮತಿ ದೊರೆತಲ್ಲಿ ದೃಶ್ಯ ಸಂವಾದದ ಮೂಲಕ ವಿಚಾರಣೆಗೆ ಹಾಜರಾಗಬಹುದಾಗಿದೆ. ಬಹುತೇಕ ಆಂಧ್ರಪ್ರದೇಶದಿಂದ ಸುತ್ತುವರಿದಿರುವ ಪಾವಗಡದಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಸುಮಾರು 100 ಕಿ.ಮೀ. ದೂರವಿದ್ದು, ಕ್ಯಾಮೆರಾ ಕೈಕೊಟ್ಟಲ್ಲಿ ಆ ದಿನದ ಹಾಜರಾತಿಯೇ ತಪ್ಪುವ ಸಂಭವವಿರುತ್ತದೆ.

ಲಿನಕ್ಸ್ ಅಪರಿಚಿತವೆಂದು ಅಂಜಬೇಕಾಗಿಲ್ಲ. ಇ-ನ್ಯಾಯಾಲಯ ಯೋಜನೆಯಡಿ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿಯೂ ಉಬುಂಟು ಲಿನಕ್ಸ್ ಅನ್ನು ಬಳಕೆಗೆ ತರಲಾಗಿದೆ. 2008ರಲ್ಲಿ ಬಿಡುಗಡೆಯಾದ ಕರ್ನಲ್ 2.6.26ರಿಂದ ಯುವಿಸಿ ಚಾಲಕ ತಂತ್ರಾಂಶವು ಲಿನಕ್ಸ್‌ನಲ್ಲಿಯೇ ಅಡಕವಾಗಿದೆ. ಆದ್ದರಿಂದ ಈ ಮಾನಕದ ಕ್ಯಾಮೆರಾಗಳಿಗೆ ಪ್ರತ್ಯೇಕ ಸಿ.ಡಿ.ಯ ಅಗತ್ಯವಿಲ್ಲ.

ಕ್ಯಾಮೆರಾ ಜೋಡಿಸಿದ ನಂತರ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ನೀಡತಕ್ಕದ್ದು. ಪಟ್ಟಿಯಲ್ಲಿ ಕ್ಯಾಮೆರಾ ಕಾಣದಿದ್ದಲ್ಲಿ ದೋಷವು ಸಾಮಾನ್ಯವಾಗಿ ಕೇಬಲ್, ಹಬ್ ಅಥವಾ ಪೋರ್ಟ್‌ನದಾಗಿರುತ್ತದೆ. ಹಬ್ ತೆಗೆದು ನೇರವಾಗಿ ಜೋಡಿಸಿ ನೋಡುವುದು. ಪಟ್ಟಿಯಲ್ಲಿದ್ದೂ ಚಿತ್ರ ಮೂಡದಿದ್ದಲ್ಲಿ ಕ್ಯಾಮೆರಾವನ್ನು ಬೇರೊಂದು ತಂತ್ರಾಂಶ ಹಿಡಿದುಕೊಂಡಿರಬಹುದು. ಪರೀಕ್ಷೆಗೆಂದು ತೆರೆದ ‘ಚೀಸ್’ ತಂತ್ರಾಂಶವನ್ನು ಮುಚ್ಚದೆಯೇ ಬ್ರೌಸರ್ ಮೂಲಕ ವಿಚಾರಣೆಗೆ ಸೇರಲು ಯತ್ನಿಸುವುದು ಪದೇ ಪದೇ ಆಗುವ ತಪ್ಪು. ಬ್ರೌಸರ್ ಅನುಮತಿ ಕೇಳಿದಾಗ ಕಣ್ತಪ್ಪಿನಿಂದ ನಿರಾಕರಿಸಿದ್ದರೆ ವಿಳಾಸಪಟ್ಟಿಯ ಬಳಿಯ ಕ್ಯಾಮೆರಾ ಚಿಹ್ನೆಯಲ್ಲಿ ಅದನ್ನು ಬದಲಿಸಬಹುದು.

ಮಂದ ಬೆಳಕಿನಲ್ಲಿ ಚಿತ್ರ ತಡವರಿಸುವುದು ಕ್ಯಾಮೆರಾದ ದೋಷವಲ್ಲ. ಬೆಳಕು ಸಾಲದಾದಾಗ ಅನೇಕ ಕ್ಯಾಮೆರಾಗಳು ಪ್ರತಿ ಚಿತ್ರಕ್ಕೂ ಹೆಚ್ಚು ಸಮಯ ತೆಗೆದುಕೊಳ್ಳುತ್ತವೆ. ಕಿಟಕಿಗೆ ಬೆನ್ನು ಮಾಡದೆ, ಮುಖ ಮಾಡಿ ಕುಳಿತುಕೊಳ್ಳತಕ್ಕದ್ದು.