ಸಮುದ್ರದ ಮೇವು ಮತ್ತು ಅದರ ಲೆಕ್ಕ

ದನಕರುಗಳಿಗೆ ಹುಲ್ಲು ಹೇಗೋ ಸಮುದ್ರದ ಮೀನುಗಳಿಗೆ ಪ್ಲಾಂಕ್ಟನ್ ಹಾಗೆ. ನೀರಿನೊಡನೆ ತೇಲುವ ಅತಿ ಸೂಕ್ಷ್ಮವಾದ ಸಸ್ಯಗಳಿಗೂ ಅವನ್ನು ಮೇಯುವ ಸಣ್ಣ ಪ್ರಾಣಿಗಳಿಗೂ ಸೇರಿ ಈ ಹೆಸರು. ಹುಲ್ಲುಗಾವಲು ಒಣಗಿದರೆ ಒಡನೆಯೇ ಕಣ್ಣಿಗೆ ಬೀಳುವುದು. ಸಮುದ್ರದ ಮೇವು ಕುಗ್ಗಿದರೆ, ಬಲೆಗೆ ಮೀನು ಬೀಳದೆ ಹೋಗುವವರೆಗೂ ತಿಳಿಯದು. ಆದಕಾರಣ ಇದರ ಲೆಕ್ಕವನ್ನು ವರ್ಷವರ್ಷವೂ ಇಡುವುದು ಅವಶ್ಯಕ.

ಇಂಥ ಲೆಕ್ಕಗಳಲ್ಲಿ ಪ್ರಸಿದ್ಧವಾದುದನ್ನು ಆಲಿಸ್ಟರ್ ಹಾರ್ಡಿ ಎಂಬ ಪ್ರಾಣಿಶಾಸ್ತ್ರಜ್ಞರು 1931ರಲ್ಲಿ ಇಂಗ್ಲೆಂಡಿನ ಹಲ್ ಪಟ್ಟಣದಿಂದ ಆರಂಭಿಸಿದರು. ಅವರು ರಚಿಸಿದ ಯಂತ್ರವು ಸುಮಾರು ಒಂದು ಮೀಟರ್ ಉದ್ದವಿದೆ. ಸರಕಿನ ಹಡಗುಗಳು ತಮ್ಮ ಎಂದಿನ ದಾರಿಯಲ್ಲಿ ಅದನ್ನು ಹಿಂದೆ ಎಳೆದುಕೊಂಡು ಹೋಗುವುವು. ಅದರ ಮುಂಭಾಗದ ಸಣ್ಣ ರಂಧ್ರದಿಂದ ಒಳಹೊಕ್ಕ ನೀರು ರೇಷ್ಮೆಯ ಪಟ್ಟಿಯ ಮೂಲಕ ಸೋಸಿಹೋಗುವುದು. ನೀರಿನ ಬಲದಿಂದಲೇ ಪಟ್ಟಿಯು ಮೆಲ್ಲಗೆ ಸುತ್ತಿಕೊಳ್ಳುವುದು. ಬಳಿಕ ಅದನ್ನು ಹತ್ತು ನಾವಿಕ ಮೈಲಿಗೊಂದರಂತೆ ತುಂಡುಮಾಡಿ, ಹಸುರು ಎಷ್ಟಿದೆಯೆಂದು ಕಣ್ಣಿನಿಂದ ಗುರುತಿಸಿ, ಸೂಕ್ಷ್ಮದರ್ಶಕದಲ್ಲಿ ಜೀವಿಗಳನ್ನು ಎಣಿಸುವರು. ಎರಡನೆಯ ಮಹಾಯುದ್ಧದಲ್ಲಿ ನಿಂತಿದ್ದ ಈ ಕೆಲಸವು 1946ರಲ್ಲಿ ಪುನಃ ಮೊದಲಾಗಿ ಇಂದಿಗೂ ನಡೆದಿದೆ. ಹೊಸ ಉಪಕರಣಗಳು ಬಂದರೂ ಮೂಲಕ್ರಮವನ್ನು ಬಿಟ್ಟಿಲ್ಲ. ಕೊಳಗವನ್ನೇ ಬದಲಿಸಿದರೆ ಹಿಂದಿನ ವರ್ಷದ ರಾಶಿಯನ್ನು ಈ ವರ್ಷದ್ದಕ್ಕೆ ಹೋಲಿಸುವುದೆಂತು?

ಈ ತಾಳ್ಮೆಯಿಂದ ದೊರೆತ ಫಲವು ದೊಡ್ಡದು. ಉತ್ತರ ಸಮುದ್ರದ ಕಾಡ್ ಮೀನಿನ ಮರಿಗಳು ವಸಂತಕಾಲದಲ್ಲಿ ಕಲಾನಸ್ ಎಂಬ ಪುಟ್ಟ ಪ್ರಾಣಿಯನ್ನು ತಿಂದು ಬೆಳೆಯುವುವು. ನೀರು ಬೆಚ್ಚಗಾದಂತೆ ತಣ್ಣೀರಿನ ಕಲಾನಸ್ ಉತ್ತರಕ್ಕೆ ಸರಿಯಿತು. ಅದರ ಸ್ಥಾನಕ್ಕೆ ಬಂದ ಬೆಚ್ಚನೀರಿನ ಜಾತಿಯು ಹೆಚ್ಚುವುದು ಬೇಸಗೆಯ ಕೊನೆಗೆ. ಅತಿಯಾಗಿ ಹಿಡಿದುದರಿಂದ ಮೊದಲೇ ಕುಗ್ಗಿದ್ದ ಕಾಡ್ ಸಂತತಿಗೆ ಹೀಗೆ ಮೇವೂ ಹೊತ್ತಿಗೆ ದೊರೆಯದಾಯಿತೆಂದು 2003ರಲ್ಲಿ ಈ ಲೆಕ್ಕದಿಂದಲೇ ತೋರಿಸಲಾಯಿತು. ಕಾದಿಟ್ಟ ಹಳೆಯ ಪಟ್ಟಿಗಳನ್ನು ಪರೀಕ್ಷಿಸಲಾಗಿ, ಪ್ಲಾಸ್ಟಿಕ್ ಎಳೆಗಳು 1960ರ ದಶಕದಿಂದ ಹೆಚ್ಚುತ್ತ ಬಂದುದು 2004ರಲ್ಲಿ ಪ್ರಕಟವಾಯಿತು. ಪಟ್ಟಿಗಳನ್ನು ಕೂಡಿಟ್ಟವರು ಅದನ್ನು ಹುಡುಕಲೆಂದು ಇಟ್ಟಿರಲಿಲ್ಲ.

ನಮ್ಮ ಕರಾವಳಿಯ ಬೂತಾಯಿ ಮೀನಿನ ಆಹಾರವೂ ಬಹುಮಟ್ಟಿಗೆ ಇಂಥ ಸೂಕ್ಷ್ಮಸಸ್ಯಗಳೇ. ಮುಂಗಾರಿನಲ್ಲಿ ಅಡಿಯ ತಣ್ಣೀರು ಸಾರವನ್ನು ಹೊತ್ತು ಮೇಲೆ ಬಂದಾಗ ಇವು ಹುಲುಸಾಗಿ ಬೆಳೆಯುವುವು.

ಸಮುದ್ರದಿಂದ ದೂರವಿರುವ ಗ್ರಾಮಗಳ ಮುಖಂಡರೂ ಭೂಮಾಲೀಕರೂ ಇದರಿಂದ ಗ್ರಹಿಸತಕ್ಕ ಅಂಶವೊಂದುಂಟು. ಮಳೆಯ ಅಳತೆ, ಬಾವಿಯ ನೀರಿನ ಮಟ್ಟ, ಎಕರೆಯ ಇಳುವರಿ, ಇವುಗಳ ಒಂದು ವರ್ಷದ ಅಂಕಿಯಿಂದ ತಿಳಿಯುವುದು ಅಲ್ಪ. ಮಳೆಮಾಪಕವನ್ನು ಒಂದೇ ಸ್ಥಳದಲ್ಲಿಟ್ಟು, ಪ್ರತಿದಿನವೂ ಬೆಳಿಗ್ಗೆ 8-30 ಗಂಟೆಗೆ ನೋಡಿ, ಮಳೆಯಿಲ್ಲದ ದಿನ ಸೊನ್ನೆಯನ್ನೂ ತಪ್ಪದೆ ಬರೆದು, ಹಳೆಯ ಪುಸ್ತಕಗಳನ್ನು ಗೆದ್ದಲು ತಾಗದಂತೆ ಕಾಪಾಡತಕ್ಕದ್ದು. ಅದರ ಪ್ರಯೋಜನವು ಮುಂದಿನ ತಲೆಮಾರಿನವರಿಗೂ ಸಲ್ಲುವುದು.