ವಿದೇಶದಲ್ಲಿ ಜಿಪಿಎಸ್ ನಕ್ಷೆ: ಎಷ್ಟು ನಂಬಬಹುದು?

ಚೀನಾದ ಗ್ವಾಂಗ್‌ಝೌ ನಗರದಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ಕ್ಯಾಂಟನ್ ಮೇಳಕ್ಕೆ ತೆರಳುವ ವರ್ತಕರು ಅಲ್ಲಿಂದಲೇ ಸುತ್ತಲಿನ ಕಾರ್ಖಾನೆಗಳಿಗೂ ಭೇಟಿ ನೀಡುವುದುಂಟು. ಬಾಕಿ ಹಣ ಪಾವತಿಗೆ ಮುನ್ನ ಸರಕು ಪರಿಶೀಲಿಸಲು ಗೊತ್ತುಪಡಿಸಿದ ವೇಳೆ ತಪ್ಪಿದರೆ, ನೋಡದೆಯೇ ಹಣ ಕಟ್ಟಬೇಕಾದ ಸಂದರ್ಭ ಒದಗಬಹುದು. ಆದುದರಿಂದ ಮೊಬೈಲಿನ ನಕ್ಷೆಯ ಇತಿಮಿತಿಯನ್ನು ಅರಿತಿರುವುದು ಅವಶ್ಯ.

ಜಿಪಿಎಸ್ ಬೇರೆ, ನಕ್ಷೆ ಬೇರೆ. ಉಪಗ್ರಹ ಸಂಕೇತಗಳ ನೆರವಿನಿಂದ ಮೊಬೈಲ್ ತಾನಿರುವ ಸ್ಥಳವನ್ನು ಬಯಲಿನಲ್ಲಿ ಸುಮಾರು 5 ಮೀಟರ್ ಅಂತರದೊಳಗೆ ಗುರುತಿಸಬಲ್ಲದು. ನಕ್ಷೆಯಾದರೋ ಆಯಾ ದೇಶದ ಕಾನೂನಿಗೆ ಒಳಪಟ್ಟದ್ದು. ಜಿಪಿಎಸ್ ವ್ಯವಸ್ಥೆಯು ಡಬ್ಲ್ಯುಜಿಎಸ್-84 ಎಂಬ ಮಾನಕವನ್ನು ಬಳಸುತ್ತದೆ. ಚೀನಾದ ಮುಖ್ಯ ಭೂಭಾಗದ ಸಾರ್ವಜನಿಕ ನಕ್ಷೆಗಳಿಗೆ ಮಾತ್ರ, ರಾಷ್ಟ್ರೀಯ ಭದ್ರತೆಯ ಕಾರಣದಿಂದ, ಜಿಸಿಜೆ-02 ಎಂಬ ಪದ್ಧತಿ ಕಡ್ಡಾಯ. ಇದು ಪ್ರತಿಯೊಂದು ಸ್ಥಳವನ್ನೂ ಉದ್ದೇಶಪೂರ್ವಕವಾಗಿ ನೂರಾರು ಮೀಟರ್ ಸರಿಸಿ ತೋರಿಸುತ್ತದೆ. ಸರಿಸುವ ಪ್ರಮಾಣವೂ ಎಲ್ಲೆಡೆ ಒಂದೇ ಅಲ್ಲ. ಎರಡು ಪದ್ಧತಿಗಳು ಬೆರೆತಲ್ಲಿ ಫಲಿತಾಂಶ ತಾಳೆಯಾಗದ ಲೆಕ್ಕಪುಸ್ತಕದಂತೆ. ರಸ್ತೆಯಲ್ಲಿ ನಿಂತವನು ನಕ್ಷೆಯಲ್ಲಿ ನದಿಯ ನಡುವೆ ಕಾಣಿಸಿಯಾನು. ಹಾಂಗ್‌ಕಾಂಗಿಗೆ ಈ ನಿಯಮ ಅನ್ವಯಿಸದು. ಆದಕಾರಣ ಅಲ್ಲಿ ಸರಿಯಾಗಿ ದಾರಿ ತೋರಿದ ನಕ್ಷೆಯೇ ಗಡಿಯಾಚೆಯ ಶೆನ್‌ಝೆನ್‌ನಲ್ಲಿ ತಪ್ಪಬಹುದು.

ಪರಿಹಾರ ಸರಳ. ಗೂಗಲ್ ಸೇವೆಗಳಿಗೆ ಚೀನಾದಲ್ಲಿ ನಿರ್ಬಂಧವಿರುವುದರಿಂದ ಅಲ್ಲಿನದೇ ಆದ ಎಮ್ಯಾಪ್ ಅಥವಾ ಬೈದು ನಕ್ಷೆಯನ್ನು ಹೊರಡುವ ಮೊದಲೇ ಮೊಬೈಲಿಗೆ ಅಳವಡಿಸಿಕೊಳ್ಳಬೇಕು. ಕಾರ್ಖಾನೆಯ ವಿಳಾಸವನ್ನು ಚೀನೀ ಲಿಪಿಯಲ್ಲಿ, ದೂರವಾಣಿ ಸಂಖ್ಯೆಯೊಡನೆ ಮುದ್ರಿಸಿ ಇಟ್ಟುಕೊಳ್ಳಬೇಕು. ಅಕ್ಷಾಂಶ-ರೇಖಾಂಶಗಳನ್ನು ಕಳುಹಿಸುವವರು ಯಾವ ನಕ್ಷೆಯಿಂದ ಪಡೆದರೆಂದು ಕೇಳಿ ತಿಳಿಯುವುದು ಒಳಿತು.